ಮಗ್ಗಿ ಬಾರದವರೆಲ್ಲ ದಡ್ಡರಲ್ಲ

ನಮ್ಮ ಶಿಡ್ಲಘಟ್ಟದ ಕಡೆಯ ಹುಡುಗಿಯೊಬ್ಬಳಿದಾಳೆ, ಆರನೇ ಕ್ಲಾಸು. ಕನ್ನಡ ಪಾಠ ನೀರು ಕುಡಿದಂಗೆ ಓದ್ತಾಳೆ. ಆದ್ರೆ 47, 74ರಲ್ಲಿ ಯಾವುದು ದೊಡ್ಡದು ಅಂದ್ರೆ ತಡವರಿಸ್ತಾಳೆ. ಎಲ್ರೂ ಸೋಮಾರಿ ಅಂತ ಬೈಯೋರೇ.

ಇದು ಡಿಸ್ಕ್ಯಾಲ್ಕುಲಿಯಾ ಇರಬಹುದು. ಬುದ್ಧಿ ಚೆನ್ನಾಗೇ ಇದ್ರೂ ಅಂಕಿಗಳ ಅರ್ಥ ಮಾತ್ರ ಸುಲಭಕ್ಕೆ ಹತ್ತಲ್ಲ. 1995ರ ಅಂಗವಿಕಲರ ಕಾಯ್ದೆಯಲ್ಲಿ ಇದರ ಸುದ್ದಿಯೇ ಇರ್ಲಿಲ್ಲ. 2016ರ ಕಾಯ್ದೆಯ 21 ವಿಧಗಳ ಪಟ್ಟಿಗೆ ಕಲಿಕಾ ನ್ಯೂನತೆಯೂ ಸೇರಿತು. ಸಂತೋಷ. ಆದ್ರೆ ಸರ್ಟಿಫಿಕೇಟು ಅಂದ್ರೆ ಅಪ್ಪ ಅಮ್ಮ ಕೂಲಿ ಬಿಟ್ಟು ಅಲೀಬೇಕು. ಸಿಕ್ಕಿದ್ರೂ ಅದು ಪರೀಕ್ಷೇಲಿ ರಿಯಾಯಿತಿ ಕೊಡಿಸುತ್ತೆ, ಲೆಕ್ಕ ಕಲಿಸಲ್ಲ.

ನಾನನ್ನೋದು ಇಷ್ಟೇ: ಕಲಿಸೋಕೆ ಸರ್ಟಿಫಿಕೇಟಿಗೆ ಕಾಯಬೇಡಿ. ಅಕ್ಷರ ಫೌಂಡೇಶನ್ ಸರ್ಕಾರದ ಜೊತೆ ನಡೆಸಿದ 'ಗಣಿತ ಕಲಿಕಾ ಆಂದೋಲನ'ದಲ್ಲಿ ಸರ್ಕಾರಿ ಶಾಲೆಗಳ 4, 5ನೇ ತರಗತಿಗೆ ಮುಟ್ಟಿ ಕಲಿಯೋ ಕಿಟ್ ಕೊಟ್ಟಿದ್ರು. ಬೇಕಾದ ಮಗುವಿಗೆ ಅಂಥದ್ದನ್ನ ಆರು, ಏಳರಲ್ಲೂ ಕೊಡಿ. ಕಿಟ್ ಇಲ್ವಾ? ರೇಷ್ಮೆಗೂಡೋ ಹುಣಸೆ ಬೀಜವೋ ತಗೊಂಡು ಹತ್ತತ್ತರ ಗುಂಪು ಮಾಡಿಸಿ. 4 ಗುಂಪು 7 ಬಿಡಿ, ಪಕ್ಕದಲ್ಲಿ 7 ಗುಂಪು 4 ಬಿಡಿ. ದೊಡ್ಡದು ಕಣ್ಣಿಗೇ ಕಾಣುತ್ತಲ್ಲ! ಮಗ್ಗಿ ಬರದಿದ್ರೆ ಚಾರ್ಟು ನೋಡ್ಕೊಂಡೇ ಲೆಕ್ಕ ಮಾಡ್ಲಿ ಬಿಡಿ.

ಸಾಫ್ಟ್‌ವೇರ್ ಕೆಲಸದಲ್ಲಿ ನನ್ನನ್ನ ಇದುವರೆಗೂ ಯಾರೂ ಹದಿನೇಳರ ಮಗ್ಗಿ ಕೇಳಿಲ್ಲ. ಕ್ಯಾಲ್ಕುಲೇಟರ್ ಒತ್ತಿದ್ರೆ ಕಾಪಿ ಅಂತಾನೂ ಅಂದಿಲ್ಲ. ಹತ್ತು ವರ್ಷದ ಮಕ್ಕಳಿಗೆ ಮಾತ್ರ ಯಾಕಪ್ಪಾ ಈ ಕಟ್ಟಳೆ?

ನಿಮ್ಮಲ್ಲಿ ಮೇಷ್ಟ್ರುಗಳಿದ್ರೆ ನಿಮ್ಮ ಉಪಾಯನೂ ಹೇಳಿ.