ಮೂಲೆಯ ಮಳಿಗೆ

ವಸ್ತುಪ್ರದರ್ಶನವನ್ನು ನೋಡಿ ಬಂದವರನ್ನು "ಏನೇನು ಕಂಡಿರಿ?" ಎಂದು ಕೇಳಿ ನೋಡಿ. ಮೂರು ಗಂಟೆಗಳ ಕಾಲ ಕಾಲು ಸೋಲುವಂತೆ ಸುತ್ತಿದವರು ನಾಲ್ಕು ಹೆಸರುಗಳನ್ನು ಹೇಳುವಷ್ಟರಲ್ಲಿಯೇ ತಡವರಿಸುತ್ತಾರೆ. ಆ ನಾಲ್ಕರಲ್ಲಿ ಒಂದು ಡೆಲ್ಲಿ ಹಪ್ಪಳ. ಇನ್ನೊಂದು ಜೈಂಟ್ ವೀಲ್. ಮೈಸೂರಿನಲ್ಲಿ ೧೮೮೦ರ ದಶಕದಷ್ಟು ಹಿಂದೆ, ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, ದಸರೆಯೊಡನೆ ವಸ್ತುಪ್ರದರ್ಶನವನ್ನು ಆರಂಭಿಸಿದವರ ಉದ್ದೇಶ ಜನರಿಗೆ ಹಪ್ಪಳ ತಿನ್ನಿಸುವುದಾಗಿರಲಿಲ್ಲ. ಕಾಲಕಾಲಕ್ಕೆ ಲೋಕದಲ್ಲಾಗುತ್ತಿರುವ ಪ್ರಗತಿಯನ್ನು ಅವರು ಕಣ್ಣಾರೆ ಕಾಣಲಿ ಎಂಬುದಾಗಿತ್ತು. ಆದರೆ ಜನರ ಕಾಲು ಇನ್ನೊಬ್ಬರ ಉದ್ದೇಶವನ್ನು ಅನುಸರಿಸಿ ನಡೆಯುವುದಿಲ್ಲ. ತಮ್ಮ ಮೂಗನ್ನೂ ಕಿವಿಯನ್ನೂ ಅನುಸರಿಸಿ ನಡೆಯುತ್ತದೆ.

ಇದನ್ನು ಹೇಳಲು ಕಾರಣವುಂಟು. ಮನೆಯಲ್ಲಿ ಮಾಡಿದ ಸಂಡಿಗೆ, ಚಟ್ನಿಪುಡಿ, ಕಸೂತಿಯ ಚೀಲ, ಮಣ್ಣಿನ ಒಡವೆ ಇಂಥವನ್ನು ಹಿಡಿದುಕೊಂಡು ಮೊದಲ ಸಲ ಮೇಳಕ್ಕೆ ಹೊರಡುವ ಸಂಸಾರಗಳು ನಮ್ಮ ಊರುಗಳಲ್ಲಿ ಎಷ್ಟೋ ಇವೆ. ಹಬ್ಬದ ಮುಂಚೆ ಕಲ್ಯಾಣಮಂಟಪದಲ್ಲಿ ನಡೆಯುವ ಮಾರಾಟ, ದೊಡ್ಡ ವಸತಿ ಕಟ್ಟಡಗಳ ಅಂಗಳದಲ್ಲಿ ಸೇರುವ ಭಾನುವಾರದ ಸಂತೆ, ಕೃಷಿಮೇಳ—ಎಲ್ಲೆಡೆಯೂ ಅವರಿಗೆ ದೊರೆಯುವುದು ಸಾಮಾನ್ಯವಾಗಿ ಹತ್ತಡಿ ಉದ್ದ ಹತ್ತಡಿ ಅಗಲದ ಜಾಗ, ಒಂದು ಮೇಜು, ಎರಡು ಕುರ್ಚಿ, ತಲೆಯ ಮೇಲೊಂದು ದೀಪ. ಬಾಡಿಗೆ ಕಟ್ಟುವಷ್ಟರಲ್ಲಿ ಕೈಯಲ್ಲಿದ್ದ ಹಣ ಕರಗಿರುತ್ತದೆ. ಒಳ್ಳೆಯ ಜಾಗಗಳನ್ನು ದೊಡ್ಡ ಕಂಪನಿಗಳು ಮೊದಲೇ ಹಿಡಿದಿರುವುದರಿಂದ ಇವರಿಗೆ ಉಳಿಯುವುದು ಮೂಲೆ. ಮೂರು ದಿನ ಕಾದು ಕುಳಿತು, ತಂದ ಪೊಟ್ಟಣಗಳನ್ನೇ ಮತ್ತೆ ಆಟೋದಲ್ಲಿ ಹೇರಿಕೊಂಡು ಹಿಂದಿರುಗುವ ಸಂಕಟ ಅನುಭವಿಸಿದವರಿಗೇ ಗೊತ್ತು. ಹಣದ ನಷ್ಟ ಒಂದು ಕಡೆಗಾದರೆ, "ನಿನಗೇಕೆ ಬೇಕಾಗಿತ್ತು ಇದೆಲ್ಲ?" ಎಂಬ ಮನೆಯವರ ಮಾತು ಇನ್ನೊಂದು ಕಡೆಗೆ. ಎಷ್ಟೋ ಗೃಹೋದ್ಯಮಗಳು ನಿಂತುಹೋಗುವುದು ಆ ಮಾತಿನಿಂದಲೇ.

ಮೂಲೆ ಸಿಕ್ಕಿತೆಂದು ಎದೆಗುಂದುವವರು ೧೮೯೩ರ ಶಿಕಾಗೋ ನಗರವನ್ನು ಒಮ್ಮೆ ನೆನೆಯಬೇಕು. ಆ ಊರು, ಆ ವರ್ಷ ಎಂದೊಡನೆ ನಮಗೆ ನೆನಪಾಗುವವರು ಸ್ವಾಮಿ ವಿವೇಕಾನಂದರು. ಅವರು ಮಾತನಾಡಿದ ಸರ್ವಧರ್ಮ ಸಮ್ಮೇಳನ ಅಲ್ಲಿ ನಡೆದದ್ದು, ಕೊಲಂಬಸನು ಅಮೆರಿಕವನ್ನು ಮುಟ್ಟಿ ನಾನ್ನೂರು ವರ್ಷಗಳಾದುದರ ನೆನಪಿಗೆ ಏರ್ಪಟ್ಟಿದ್ದ ಮಹಾಪ್ರದರ್ಶನದ ಸಂದರ್ಭದಲ್ಲಿ. ಅದೇ ಪ್ರದರ್ಶನದ ಕೃಷಿಭವನದಲ್ಲಿ ಪಿಟ್ಸ್‌ಬರ್ಗಿನ ವ್ಯಾಪಾರಿ ಹೆನ್ರಿ ಹೈನ್ಜ್ ಎಂಬಾತ ಉಪ್ಪಿನಕಾಯಿಯ ಮಳಿಗೆಯನ್ನಿಟ್ಟಿದ್ದ. ಅದು ಬಡವರ ಮಳಿಗೆಯೇನೂ ಅಲ್ಲ; ಓಕ್ ಮರದಲ್ಲಿ ಕೆತ್ತಿಸಿದ, ಕೈಬಿಟ್ಟು ಹಣ ಸುರಿದ ಮಳಿಗೆ. ಆದರೆ ಅವನಿಗೆ ಸಿಕ್ಕ ಜಾಗ ಮೇಲಿನ ಅಂತಸ್ತಿನಲ್ಲಿತ್ತು. ಕೆಳಗಿನ ಅಂತಸ್ತಿನಲ್ಲಿ ದೇಶದೇಶಗಳ ತಿನಿಸುಗಳನ್ನು ನೋಡಿ ದಣಿದ ಜನ ಮೆಟ್ಟಿಲುಗಳತ್ತ ಒಮ್ಮೆ ದೃಷ್ಟಿ ಹಾಯಿಸಿ, ಸಾಕೆಂದು ಹೊರಟುಬಿಡುತ್ತಿದ್ದರು. ಓಕ್ ಮರದ ಕೆತ್ತನೆ ಕೆಳಗೆ ನಿಂತವರಿಗೆ ಕಾಣುವುದಾದರೂ ಹೇಗೆ?

ಹೈನ್ಜ್ ಏನು ಮಾಡಿದ? ರೈಲು ನಿಲ್ದಾಣದಲ್ಲಿ ಸಾಮಾನಿಗೆ ಕಟ್ಟುತ್ತಾರಲ್ಲ, ಅಂಥ ಪುಟ್ಟ ಬಿಳಿಯ ಚೀಟಿಗಳನ್ನು ಅಚ್ಚುಹಾಕಿಸಿದ. ಇದನ್ನು ತಂದು ನಮ್ಮ ಮಳಿಗೆಯಲ್ಲಿ ತೋರಿಸಿದವರಿಗೆ ಒಂದು ಉಡುಗೊರೆ ಎಂದು ಅದರ ಮೇಲೆ ಬರೆಸಿದ. ಹುಡುಗರ ಕೈಯಲ್ಲಿ ಆ ಚೀಟಿಗಳನ್ನು ಪ್ರದರ್ಶನದ ಮೈದಾನದ ತುಂಬ ಚೆಲ್ಲಿಸಿದ. ನೆಲದ ಮೇಲೆ ಬಿದ್ದ ಚೀಟಿಯನ್ನು ಎತ್ತಿಕೊಳ್ಳದೆ ಹೋಗುವ ಸಂಯಮಿಗಳು ಲೋಕದಲ್ಲಿ ಕಡಿಮೆ. ಮೆಟ್ಟಿಲು ಹತ್ತಿದ ಜನರ ಭಾರಕ್ಕೆ ಮೇಲಂತಸ್ತಿನ ನೆಲ ಬಾಗತೊಡಗಿ, ಅದಕ್ಕೆ ಆಸರೆ ಕೊಡಿಸಬೇಕಾಯಿತೆಂದು ಹೇಳುತ್ತಾರೆ. ಉಡುಗೊರೆ ಏನು ಮಹಾ! ಒಂದೂಕಾಲು ಅಂಗುಲ ಉದ್ದದ, ಹಸಿರು ಬಣ್ಣದ ಸೌತೆಮಿಡಿಯ ಆಕಾರ. ಗಡಿಯಾರದ ಸರಪಳಿಗೆ ಸಿಕ್ಕಿಸಿಕೊಳ್ಳಲು ಒಂದು ಕೊಂಡಿ. ಮೈಮೇಲೆ ಹೈನ್ಜನ ಹೆಸರು. ಪ್ರದರ್ಶನ ಮುಗಿಯುವಷ್ಟರಲ್ಲಿ ಅಂಥವು ಸುಮಾರು ಹತ್ತು ಲಕ್ಷ ಹಂಚಿಹೋಗಿದ್ದವು. (ಅವರ ಉಪ್ಪಿನಕಾಯಿ ನಮ್ಮ ಮಾವಿನ ಮಿಡಿಯಲ್ಲ, ಹುಳಿನೀರಿನಲ್ಲಿ ಹಾಕಿಡುವ ಸೌತೆಮಿಡಿ. ಈಗ ಅದೇ ಜಾತಿಯ ಮಿಡಿಯನ್ನು ನಮ್ಮ ಕರ್ನಾಟಕದ ರೈತರು ಬೆಳೆದು ಹೊರದೇಶಗಳಿಗೆ ಕಳುಹಿಸುತ್ತಿದ್ದಾರೆ.)

ಈ ಕಥೆಯನ್ನು ಕೇಳಿದವರು ಸಾಮಾನ್ಯವಾಗಿ "ಹಾಗಾದರೆ ನಾವೂ ಏನಾದರೂ ಪುಕ್ಕಟೆ ಹಂಚೋಣ" ಎಂದು ಎದ್ದುಬಿಡುತ್ತಾರೆ. ಅದು ಕಥೆಯ ಹೊಟ್ಟು, ಕಾಳು ಬೇರೆಯಿದೆ. ಹೈನ್ಜನ ಓಕ್ ಮಳಿಗೆ ಮಾಡಲಾರದ ಕೆಲಸವನ್ನು ಚೀಟಿ ಮಾಡಿತು; ಏಕೆಂದರೆ ಮಳಿಗೆ ತಾನಿದ್ದಲ್ಲಿಯೇ ಇತ್ತು, ಚೀಟಿ ಜನರಿದ್ದಲ್ಲಿಗೆ ಹೋಯಿತು. ಕೊಟ್ಟ ವಸ್ತುವೂ ಜನರ ಮೈಮೇಲೆ ಕುಳಿತು ಊರೂರು ತಿರುಗಿತು. ಇನ್ನೂ ಒಂದು ಸಂಗತಿ: ಹತ್ತಿ ಬಂದವರಿಗೆ ಅಲ್ಲಿ ತಿಂದು ನೋಡಲು ಉಪ್ಪಿನಕಾಯಿಯಿತ್ತು. ರುಚಿ ಕೆಟ್ಟದ್ದಾಗಿದ್ದರೆ ಹತ್ತು ಲಕ್ಷ ಜನರಿಗೆ ಅದನ್ನು ತಿಳಿಸಿದಂತಾಗುತ್ತಿತ್ತು.

ಚೀಟಿಗೂ ಹಣವಿಲ್ಲದವರ ಮಾತೇನು? ಇದಕ್ಕೆ ಹದಿನೇಳು ವರ್ಷಗಳ ಹಿಂದೆ, ೧೮೭೬ರಲ್ಲಿ, ಫಿಲಡೆಲ್ಫಿಯದ ಪ್ರದರ್ಶನದಲ್ಲಿ ಕಿವುಡರ ಶಾಲೆಯ ಉಪಾಧ್ಯಾಯನೊಬ್ಬ ವಿದ್ಯಾಭ್ಯಾಸ ವಿಭಾಗದ ಒಂದು ಮೂಲೆಯಲ್ಲಿ ತಂತಿ ಸುತ್ತಿದ ಯಂತ್ರವೊಂದನ್ನು ಮೇಜಿನ ಮೇಲಿಟ್ಟುಕೊಂಡು ಕುಳಿತಿದ್ದ. ಹೆಸರು ಅಲೆಕ್ಸಾಂಡರ್ ಗ್ರಹಾಂ ಬೆಲ್. ಜೂನ್ ೨೫ರ ಭಾನುವಾರ ಪರೀಕ್ಷಕರ ತಂಡ ಒಂದೊಂದೇ ಮೇಜನ್ನು ನೋಡುತ್ತ ಬಂದಿತು. ಕಡುಬಿಸಿಲಿನ ದಿನ, ದಣಿದ ಪರೀಕ್ಷಕರು ಬೆಲ್‌ನ ಮೇಜನ್ನು ಮುಟ್ಟುವ ಮುನ್ನವೇ ಅಂದಿನ ಕೆಲಸವನ್ನು ಮುಗಿಸುವುದರಲ್ಲಿದ್ದರು. ಆದರೆ ಅವರೊಡನೆ ಬಂದಿದ್ದ ಬ್ರೆಜಿಲ್ ದೇಶದ ಚಕ್ರವರ್ತಿ ಎರಡನೆಯ ಪೆದ್ರೊ ಈ ಉಪಾಧ್ಯಾಯನನ್ನು ಗುರುತಿಸಿದ. ಸ್ವಲ್ಪ ದಿನಗಳ ಹಿಂದೆ ಬಾಸ್ಟನ್ನಿನಲ್ಲಿ ಅವನ ಪಾಠವನ್ನು ನೋಡಿ ಮೆಚ್ಚಿದ್ದ. ಚಕ್ರವರ್ತಿ ನಿಂತ ಮೇಲೆ ಪರೀಕ್ಷಕರೂ ನಿಲ್ಲಲೇಬೇಕಾಯಿತು. ತಂತಿಯಲ್ಲಿ ಮಾತು ಕೇಳಿಸಿತು. ಮುಂದಿನದು ಟೆಲಿಫೋನಿನ ಚರಿತ್ರೆ.

ನಮಗೆ ಚಕ್ರವರ್ತಿಗಳ ಪರಿಚಯವಿಲ್ಲದಿರಬಹುದು, ನೆಂಟರಿಷ್ಟರಿದ್ದಾರೆ. ಖಾಲಿ ಮಳಿಗೆಯೊಳಕ್ಕೆ ಮೊದಲು ಕಾಲಿಡಲು ಎಲ್ಲರಿಗೂ ಸಂಕೋಚ. ನಾಲ್ಕು ಜನ ನಿಂತು ಮಾತನಾಡುತ್ತಿದ್ದರೆ ಐದನೆಯವನು ತಾನಾಗಿ ಇಣುಕುತ್ತಾನೆ. ಆದುದರಿಂದ ಮೇಳಕ್ಕೆ ಒಂದು ವಾರ ಮೊದಲೇ ಬಲ್ಲವರಿಗೆ ಹೇಳಿಕಳುಹಿಸಬೇಕು. ಸುಮ್ಮನೆ "ಬನ್ನಿ" ಎಂದರೆ ಎಲ್ಲರೂ ಭಾನುವಾರ ಸಂಜೆ ಬಂದು ನೂಕುನುಗ್ಗಲನ್ನು ಹೆಚ್ಚಿಸುತ್ತಾರೆ. ಮೊದಲ ದಿನದ ಹನ್ನೊಂದು ಗಂಟೆಗೆ ಇಬ್ಬರು, ಮಧ್ಯಾಹ್ನದ ಊಟದ ನಂತರದ ಜೊಂಪಿನ ಹೊತ್ತಿಗೆ ಇಬ್ಬರು, ಹೀಗೆ ಹೊತ್ತನ್ನು ಗೊತ್ತುಮಾಡಿ ಕರೆಯಬೇಕು. ಇದಕ್ಕೆ ತಗಲುವ ಖರ್ಚು ಬಂದವರಿಗೊಂದು ಲೋಟ ಕಾಫಿ.

ಇನ್ನು ಕಣ್ಣನ್ನು ಹಿಡಿದು ನಿಲ್ಲಿಸುವ ವಿಚಾರ. ಯಾವ ಮೇಳದಲ್ಲಾದರೂ ಚನ್ನಪಟ್ಟಣದ ಗೊಂಬೆಯವರು ಲೇತನ್ನು ತಂದಿದ್ದರೆ ಅಲ್ಲಿ ಹತ್ತು ನಿಮಿಷ ನಿಂತು ನೋಡಿ, ಗೊಂಬೆಯನ್ನಲ್ಲ, ನೋಡುವವರನ್ನು. ತಿರುಗುವ ಮರದ ತುಂಡಿಗೆ ಕುಶಲಕರ್ಮಿ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾನೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಒಣಗರಿಯಿಂದ ತೀಡಿದೊಡನೆ ಕನ್ನಡಿಯಂತೆ ಹೊಳೆಯುತ್ತದೆ. ಅಷ್ಟು ಹೊತ್ತೂ ಸುತ್ತ ನಿಂತವರಲ್ಲಿ ಯಾರೂ ಅಲುಗುವುದಿಲ್ಲ. ಪಕ್ಕದಲ್ಲಿ ಅದೇ ಗೊಂಬೆಗಳನ್ನು ಗಾಜಿನ ಕಪಾಟಿನಲ್ಲಿ ಜೋಡಿಸಿಟ್ಟ ಮಳಿಗೆಯ ಮುಂದೆ ಜನ ನಡೆಯುತ್ತಲೇ ಇರುತ್ತಾರೆ. ಮಾಡಿ ಮುಗಿಸಿದ ವಸ್ತುವಿಗಿಂತ ಆಗುತ್ತಿರುವ ವಸ್ತುವಿಗೆ ಸೆಳೆತ ಹೆಚ್ಚು. ಈಗ ಏನಾಗುತ್ತದೋ ಎಂಬ ಕುತೂಹಲ ಅದರಲ್ಲಿದೆ.

ನಮ್ಮ ಬಡಾವಣೆಯ ಗೃಹಿಣಿಯೊಬ್ಬರು ಹಬ್ಬದ ಮೇಳದಲ್ಲಿ ಚಟ್ನಿಪುಡಿಯ ಮಳಿಗೆ ಹಿಡಿದಾಗ ಕೈಯಲ್ಲಿ ಉಳಿದಿದ್ದುದು ಎರಡು ಸಾವಿರ ರೂಪಾಯಿ.

"ನಮ್ಮ ಯಜಮಾನರು ದೊಡ್ಡದೊಂದು ಬ್ಯಾನರು ಹಾಕಿಸೋಣ ಅಂತಾರೆ, ಮೇಷ್ಟ್ರೇ. ನೀವೇನು ಹೇಳ್ತೀರಿ?" ಎಂದರು.

"ಬ್ಯಾನರಿನಲ್ಲಿ ಏನು ಬರೆಸುತ್ತೀರಮ್ಮ?"

"ನಮ್ಮ ಹೆಸರು, ಫೋನ್ ನಂಬರು, ಮೇಲೆ ಗಣಪತಿಯ ಚಿತ್ರ."

"ಚಟ್ನಿಪುಡಿ?"

ಅವರು ನಕ್ಕುಬಿಟ್ಟರು. ಹೆಸರು ಹೊಸದಾಗಿರುವಾಗ ಅದನ್ನು ಓದಿ ಯಾರೂ ನಿಲ್ಲುವುದಿಲ್ಲ. "ಈಗತಾನೆ ಕುಟ್ಟಿದ ಚಟ್ನಿಪುಡಿ—ರುಚಿ ನೋಡಿ" ಎಂದು ಗೇಣುದ್ದದ ಅಕ್ಷರಗಳಲ್ಲಿ ಬರೆಸಿ, ಜನರ ತಲೆಗಿಂತ ಮೇಲೆ ಕಟ್ಟಿದರೆ ಸಾಕು. ಮೇಜಿನ ಮುಂದೆ ತೂಗುಬಿಟ್ಟ ಫಲಕ ಮೊದಲ ಮೂವರು ನಿಂತೊಡನೆ ಮರೆಯಾಗುತ್ತದೆ. ಬಾಣಲೆಯಿಟ್ಟು ಹುರಿಯೋಣವೆಂದರೆ ಅನೇಕ ಸಭಾಂಗಣಗಳಲ್ಲಿ ಬೆಂಕಿಗೆ ಅನುಮತಿಯಿಲ್ಲ. ಹುರಿಯುವುದನ್ನು ಮನೆಯಲ್ಲಿ ಮುಗಿಸಿ, ಕುಟ್ಟುವುದನ್ನು ಮಳಿಗೆಗೆ ತರಬಹುದು. ಕುಟ್ಟಾಣಿಯ ಸದ್ದು ಮೂರು ಮಳಿಗೆಗಳಾಚೆಗೂ ಕೇಳುತ್ತದೆ. ಕೊಬ್ಬರಿ, ಕರಿಬೇವು, ಇಂಗಿನ ಪರಿಮಳ ಇನ್ನೂ ದೂರ ಹೋಗುತ್ತದೆ. ಮೆಣಸಿನಕಾಯಿಯನ್ನು ಮಾತ್ರ ಮನೆಯಲ್ಲಿಯೇ ಪುಡಿಮಾಡಿಕೊಂಡು ಬರಬೇಕು. ಇಲ್ಲವಾದರೆ ಬಂದವರು ಸೀನುತ್ತ ಓಡುತ್ತಾರೆ. ಕುಟ್ಟುವ ಕೆಲಸಕ್ಕೆ ಅವರ ಅತ್ತೆಯವರು ಮುಂದೆ ಬಂದರು. ಆ ಮನೆಯ ಚಟ್ನಿಪುಡಿಯ ಹದವನ್ನು ಬಲ್ಲವರು ಅವರೇ. ಕೇಳಿದವರಿಗೆ ಕೈನಿಲ್ಲಿಸದೆ ಉತ್ತರ ಹೇಳಬಲ್ಲವರು. ಬಾಡಿಗೆಗೆ ತಂದ ಸುಂದರಿಯೊಬ್ಬಳು ಕರಪತ್ರ ಹಿಡಿದು ನಿಂತರೆ ಈ ವಿಶ್ವಾಸ ಹುಟ್ಟುವುದಿಲ್ಲ.

ಮೇಜನ್ನು ಮಳಿಗೆಯ ಬಾಯಿಗೆ ಅಡ್ಡವಾಗಿ ಗೋಡೆಯಂತೆ ಇಡುವುದು ಸರ್ವತ್ರ ಕಾಣುವ ತಪ್ಪು. ಅದನ್ನು ಪಕ್ಕಕ್ಕೆ ಸರಿಸಿದರೆ ಬಂದವರು ಒಳಗೆ ಬಂದು ನಿಲ್ಲುತ್ತಾರೆ. ಒಳಗೆ ಬಂದವರು ಬೇಗ ಹೋಗುವುದಿಲ್ಲ. ಒಂದು ಚಮಚೆ ಬಿಸಿ ಅನ್ನ, ನಾಲ್ಕು ಹನಿ ತುಪ್ಪ, ಚಿಟಿಕೆ ಪುಡಿ, ಪುಟ್ಟ ದೊನ್ನೆಯಲ್ಲಿ. ಪುಡಿಯನ್ನು ಬರಿಯ ಅಂಗೈಗೆ ಹಾಕಿ "ನೋಡಿ" ಎಂದರೆ ಅದು ರುಚಿಯಲ್ಲ, ಶಿಕ್ಷೆ. ಮಳಿಗೆಯಲ್ಲಿರುವವರು ಮೊಬೈಲಿನಲ್ಲಿ ತಲೆ ಹುದುಗಿಸಿ ಕುಳಿತಿರಬಾರದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೈನ್ಜನಂತೆ ಚೀಟಿ ಹಂಚುವುದಾದರೆ ವ್ಯವಸ್ಥಾಪಕರ ಒಪ್ಪಿಗೆ ಕೇಳಬೇಕು. ತಮ್ಮ ಮಳಿಗೆಯ ಹೊರಗೆ ಹಂಚಕೂಡದೆಂಬ ನಿಯಮ ಹಲವು ಕಡೆ ಇದೆ. ಅದಕ್ಕಿಂತ ಸುಲಭವಾದ ದಾರಿ ಮಳಿಗೆಯವರ ನಡುವಿನ ಕೊಡುಕೊಳ್ಳುವಿಕೆ. ಪ್ರವೇಶದ್ವಾರದ ಬಳಿಯ ಕಾಫಿಪುಡಿಯವರು ತಮ್ಮ ಗಿರಾಕಿಗಳ ಕೈಗೆ ಇವರ ಚೀಟಿಯನ್ನಿಡಲಿ, ಇವರು ತಮ್ಮಲ್ಲಿ ಖಾರ ತಿಂದವರನ್ನು ಕಾಫಿಗೆ ಅತ್ತ ಕಳುಹಿಸಲಿ. ಪಕ್ಕದವರನ್ನು ಶತ್ರುಗಳೆಂದು ತಿಳಿಯುವವರು ಮೇಳದಲ್ಲಿ ಬಹಳ ಕಳೆದುಕೊಳ್ಳುತ್ತಾರೆ.

ಒಂದು ಪದ್ಧತಿಯ ಬಗೆಗೆ ಮಾತ್ರ ನನಗೆ ಸಮಾಧಾನವಿಲ್ಲ. ಫೋನ್ ನಂಬರು ಬರೆದು ಡಬ್ಬಿಗೆ ಹಾಕಿ, ಅದೃಷ್ಟವಿದ್ದರೆ ಕುಕ್ಕರ್ ಗೆಲ್ಲಿ ಎನ್ನುತ್ತಾರಲ್ಲ, ಅದು. ಅಲ್ಲಿ ಸಾಲು ನಿಲ್ಲುವವರಿಗೆ ಬೇಕಾದುದು ಕುಕ್ಕರ್. ಮಳಿಗೆಯಲ್ಲಿ ಏನಿದೆಯೆಂಬುದನ್ನು ಅವರು ತಿರುಗಿಯೂ ನೋಡುವುದಿಲ್ಲ. ಡಬ್ಬಿ ತುಂಬುತ್ತದೆ, ಗಲ್ಲಾಪೆಟ್ಟಿಗೆ ತುಂಬುವುದಿಲ್ಲ. ಮರುವಾರ ಆ ನಂಬರುಗಳಿಗೆಲ್ಲ ಫೋನ್ ಮಾಡಿ ಬೈಸಿಕೊಳ್ಳುವ ಕೆಲಸ ಬೇರೆ. ಇನ್ನೂರು ಜನರ ಸಾಲಿಗಿಂತ, ದೊನ್ನೆ ಹಿಡಿದು "ಇದಕ್ಕೆ ಬೆಲ್ಲ ಹಾಕಿದ್ದೀರಾ?" ಎಂದು ಕೇಳುವ ಇಪ್ಪತ್ತು ಜನ ಮೇಲು.

ಆ ಇಪ್ಪತ್ತು ಜನರಿಗಾಗಿ ಮೇಜಿನ ಕೆಳಗೊಂದು ನೋಟುಪುಸ್ತಕ ಇರಬೇಕು. ಕೊಂಡವರ ಲೆಕ್ಕ ಹಣದ ಪೆಟ್ಟಿಗೆಯೇ ಹೇಳುತ್ತದೆ, ಕೊಳ್ಳದೆ ಹೋದವರು ಏನು ಕೇಳಿದರೆಂಬುದನ್ನು ಅವರು ಹೋದೊಡನೆ ಬರೆದಿಡಬೇಕು, ಸಂಜೆಗೆ ನೆನಪಿರುವುದಿಲ್ಲ. ಬೆಳ್ಳುಳ್ಳಿಯಿಲ್ಲದ್ದು ಇದೆಯೇ, ಮಕ್ಕಳಿಗೆ ಖಾರ ಕಡಿಮೆಯದು ಇದೆಯೇ, ನೂರು ಗ್ರಾಮಿನ ಪೊಟ್ಟಣ ಸಿಕ್ಕುವುದೇ—ಮೂರು ದಿನಗಳಲ್ಲಿ ಒಂದೇ ಪ್ರಶ್ನೆ ಹದಿನೈದು ಸಲ ಬಂದಿದ್ದರೆ, ಮುಂದಿನ ಮೇಳಕ್ಕೆ ಯಾವ ಪೊಟ್ಟಣವನ್ನು ಎಷ್ಟು ಒಯ್ಯಬೇಕೆಂದು ಅಡಿಗೆಮನೆಯಲ್ಲಿ ಊಹಿಸುತ್ತ ಕೂರಬೇಕಾಗಿಲ್ಲ.