ಚುರುಕು ಕಾಲಿನ ಗಾರ್ಡ್‌ಗೆ ಎಂಥ ಶೂ?

ಬ್ಯಾಸ್ಕೆಟ್‌ಬಾಲ್ ಶೂ ಅಂದರೆ ಪಾದದ ಗಂಟು ಮುಚ್ಚುವಷ್ಟು ಎತ್ತರ ಇರಬೇಕು, ಇಲ್ಲದಿದ್ದರೆ ಕಾಲು ಉಳುಕುವುದು ಗ್ಯಾರಂಟಿ. ನಮ್ಮ ಕಾಮಸಮುದ್ರ, ಬಂಗಾರಪೇಟೆ, ಕೆಜಿಎಫ್ ಕಡೆ ಈ ಮಾತನ್ನು ಪಿ.ಟಿ. ಮೇಷ್ಟ್ರು ಹೇಳುತ್ತಾರೆ, ಶೂ ಅಂಗಡಿಯವರು ಹೇಳುತ್ತಾರೆ, ಜನ್ಮದಲ್ಲಿ ಚೆಂಡು ಮುಟ್ಟದವರೂ ಹೇಳುತ್ತಾರೆ. ನಾನೂ ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ಕು ವರ್ಷ ಆಡುವಾಗ ಇದನ್ನು ಕೇಳಿಕೊಂಡೇ ಬಂದವನು. ಇದು ನಿಜವಾ ಅಂತ ಹುಡುಕಲು ಕೂತದ್ದು ಮಾತ್ರ ಈ ವರ್ಷ, ಅಕ್ಕನ ಮಗಳ ದೆಸೆಯಿಂದ.

ಅವಳಿಗೆ ಹದಿನೈದು ವರ್ಷ. ಎತ್ತರ ಐದಡಿ ಒಂದಿಂಚು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಎತ್ತರ ಇಲ್ಲದವರಿಗೆ ಒಂದೇ ಒಂದು ಜಾಗ ಗೌರವದಿಂದ ಸಿಗುತ್ತದೆ, ಅದು ಗಾರ್ಡ್. ಚೆಂಡನ್ನು ಪುಟಿಸುತ್ತಾ ಈ ತುದಿಯಿಂದ ಆ ತುದಿಗೆ ತರುವವರು, ಎದುರಾಳಿಯನ್ನು ಎಡಕ್ಕೆ ನಂಬಿಸಿ ಬಲಕ್ಕೆ ಹಾಯುವವರು ಇವರು. ಉದ್ದ ಇರುವವರಿಗೆ ಬುಟ್ಟಿಯ ಕೆಳಗೆ ಕೆಲಸ, ಗಾರ್ಡ್‌ಗೆ ಇಡೀ ಅಂಗಣವೇ ಕೆಲಸ. ಕಳೆದ ಡಿಸೆಂಬರ್‌ನಲ್ಲಿ ಹೀಗೆ ಹಾಯುವಾಗಲೇ ಅವಳ ಬಲಗಾಲು ಹೊರಕ್ಕೆ ಮಗುಚಿಕೊಂಡಿತು. ಮೂರು ವಾರ ಕ್ರೇಪ್ ಬ್ಯಾಂಡೇಜ್. ಅಕ್ಕ ಒಂದೇ ಮಾತು ಹೇಳಿದಳು: "ಇನ್ನೊಂದು ಸಲ ಉಳುಕಿದರೆ ಆಟ ಬಂದ್. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಕುಂಟಿಕೊಂಡು ಪರೀಕ್ಷೆಗೆ ಹೋಗ್ತೀಯಾ?" ಭಾವ ಜಾಸ್ತಿ ಮಾತಾಡುವವರಲ್ಲ. ರೇಷ್ಮೆಗೂಡು ಮಾರಿದ ದುಡ್ಡಿನಲ್ಲಿ ಐದು ಸಾವಿರ ತೆಗೆದು ನನ್ನ ಕೈಗಿಟ್ಟು, "ಒಳ್ಳೇದು ನೋಡಿ ಕೊಡ್ಸಪ್ಪ" ಅಂದರು. ಒಂದು ಜೊತೆ ಶೂ ಮೇಲೆ ಒಂದು ಹುಡುಗಿಯ ಆಟ ನಿಂತಿತ್ತು ಅಂದರೆ ಉತ್ಪ್ರೇಕ್ಷೆಯಲ್ಲ.

ಮೊದಲು ಎತ್ತರದ ಶೂ ವಿಚಾರ. ಈ ನಂಬಿಕೆ ಹಳೆಯದು. 1917ರಲ್ಲಿ ಕಾನ್‌ವರ್ಸ್ ಕಂಪನಿ ತಂದ ಕ್ಯಾನ್‌ವಾಸ್ ಶೂ ಗಂಟು ಮುಚ್ಚುವಂಥದ್ದು, ದಶಕಗಳ ಕಾಲ ಬ್ಯಾಸ್ಕೆಟ್‌ಬಾಲ್ ಅಂದರೆ ಅದೇ ಆಕಾರ. ಆದರೆ 1993ರಲ್ಲಿ ಅಮೆರಿಕದಲ್ಲಿ 622 ಕಾಲೇಜು ಆಟಗಾರರಿಗೆ ಎತ್ತರದ್ದು, ಗಿಡ್ಡದ್ದು, ಗಾಳಿ ತುಂಬುವ ಎತ್ತರದ್ದು ಅಂತ ಮೂರು ಬಗೆಯ ಶೂಗಳನ್ನು ಹಂಚಿ ಒಂದು ಸೀಸನ್ ಪೂರ್ತಿ ನೋಡಿದರು. ಉಳುಕಿದ್ದು ಒಟ್ಟು ಹದಿನೈದು ಮಂದಿಗೆ: ಎತ್ತರದ ಶೂ ಹಾಕಿದವರಲ್ಲಿ ಏಳು, ಗಿಡ್ಡದ್ದರಲ್ಲಿ ನಾಲ್ಕು, ಗಾಳಿಯದ್ದರಲ್ಲಿ ನಾಲ್ಕು. ಹದಿನೈದು ಅನ್ನೋದು ಸಣ್ಣ ಸಂಖ್ಯೆ, ಗಿಡ್ಡ ಶೂ ಒಳ್ಳೆಯದು ಅಂತ ಇದರಿಂದ ಸಾಬೀತಾಗುವುದಿಲ್ಲ. ಆದರೆ ಎತ್ತರದ ಶೂ ಕಾಲನ್ನು ಕಾಪಾಡುತ್ತದೆ ಅನ್ನುವುದೂ ಸಾಬೀತಾಗಲಿಲ್ಲ. ಇದಕ್ಕೆ ಕಾರಣವೂ ಸರಳ. ಮೆತ್ತನೆಯ ಬಟ್ಟೆಯೋ ಚರ್ಮವೋ ನಾಲ್ಕು ಬೆರಳು ಮೇಲೆ ಬಂದ ಮಾತ್ರಕ್ಕೆ, ಇಡೀ ಮೈಭಾರ ಬಿದ್ದು ಹೊರಳುವ ಕಾಲನ್ನು ಹಿಡಿದು ನಿಲ್ಲಿಸಲಾರದು. 2008ರ ಕೊನೆಯಲ್ಲಿ ಕೋಬಿ ಬ್ರಯಾಂಟ್ ತನ್ನ ಶೂ ಫುಟ್‌ಬಾಲ್ ಬೂಟಿನ ಹಾಗೆ ಗಿಡ್ಡಕ್ಕಿರಲಿ ಅಂತ ಹಟ ಹಿಡಿದ ಮೇಲೆ ಗಾರ್ಡ್‌ಗಳೆಲ್ಲ ಒಬ್ಬೊಬ್ಬರಾಗಿ ಆ ದಾರಿ ಹಿಡಿದರು.

ಹಾಗಾದರೆ ಕಾಲು ಉಳುಕುವುದು ಯಾರಿಗೆ? ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಬಾರಿ ಅಂಗಣಕ್ಕಿಳಿದ ಆಟಗಾರರನ್ನು ಗಮನಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನ ನನ್ನ ನಿದ್ದೆ ಕೆಡಿಸಿತು. ಮೊದಲೇ ಒಮ್ಮೆ ಉಳುಕಿದವರಿಗೆ ಮತ್ತೆ ಉಳುಕುವ ಸಾಧ್ಯತೆ ಸುಮಾರು ಐದು ಪಟ್ಟು. ಹಿಮ್ಮಡಿಯಲ್ಲಿ ಗಾಳಿಯ ಕೋಶ ಇರುವ ಶೂ ಹಾಕಿದವರಿಗೆ ನಾಲ್ಕು ಪಟ್ಟಿಗಿಂತ ಹೆಚ್ಚು. ಅರ್ಧಕ್ಕೆ ಹತ್ತಿರ ಗಾಯಗಳು ಜಿಗಿದು ನೆಲಕ್ಕಿಳಿಯುವಾಗ ಆದವು, ಉಳಿದವುಗಳಲ್ಲಿ ದೊಡ್ಡ ಪಾಲು ಗಕ್ಕನೆ ತಿರುಗುವಾಗ. ಅಕ್ಕನ ಮಗಳಿಗೆ ಒಮ್ಮೆ ಉಳುಕಿಯಾಗಿದೆ. ಗಕ್ಕನೆ ತಿರುಗುವುದೇ ಅವಳ ಕಸುಬು.

ಎಷ್ಟು ಸಲ ತಿರುಗುತ್ತಾರೆ ಅಂತೀರಾ? ಆಸ್ಟ್ರೇಲಿಯಾದ ಲೀಗ್ ಆಟಗಾರರನ್ನು ವಿಡಿಯೊದಲ್ಲಿ ಎಣಿಸಿ 1995ರಲ್ಲಿ ಲೆಕ್ಕ ಕೊಟ್ಟಿದ್ದಾರೆ. ಒಂದು ಪಂದ್ಯದಲ್ಲಿ ಹೆಚ್ಚೂಕಮ್ಮಿ ಸಾವಿರ ಚಲನೆ, ಸರಾಸರಿ ಎರಡು ಸೆಕೆಂಡಿಗೊಮ್ಮೆ ಬದಲು. ಓಡು, ನಿಲ್ಲು, ಪಕ್ಕಕ್ಕೆ ಜಾರು, ಜಿಗಿ, ಮತ್ತೆ ಓಡು. ಅದಕ್ಕೇ ಓಡುವ ಶೂ ಹಾಕಿಕೊಂಡು ಬ್ಯಾಸ್ಕೆಟ್‌ಬಾಲ್ ಆಡಬಾರದು. ನಮ್ಮ ಕಡೆ ಅಂಗಡಿಗೆ ಹೋಗಿ "ಸ್ಪೋರ್ಟ್ಸ್ ಶೂ" ಅಂದರೆ ಕೊಡುವುದು ಅದನ್ನೇ. ಅದು ಮುಂದಕ್ಕೆ ಹೋಗಲು ಮಾಡಿದ್ದು. ಹಿಮ್ಮಡಿ ಕೆಳಗೆ ದಪ್ಪ ಸ್ಪಂಜು, ಪಕ್ಕದಲ್ಲಿ ಆಸರೆಯಿಲ್ಲ. ಟ್ರಾಕ್ಟರ್‌ಗೆ ಹುಲ್ಲು ಎತ್ತರಕ್ಕೆ ಹೇರಿಕೊಂಡು ಹೋಗುವವರು ತಿರುವಿನಲ್ಲಿ ಎಷ್ಟು ನಿಧಾನ ಮಾಡುತ್ತಾರೆ ನೋಡಿದ್ದೀರಲ್ಲ? ಪಾದ ನೆಲದಿಂದ ಎತ್ತರ ಹೋದಷ್ಟೂ ಮಗುಚುವುದು ಸುಲಭ. ಗಾರ್ಡ್‌ಗೆ ತಿರುವಿನಲ್ಲಿ ನಿಧಾನ ಮಾಡುವ ಅವಕಾಶವೇ ಇಲ್ಲ.

ಆದ್ದರಿಂದ ನಾನು ಮೊದಲು ನೋಡಿದ್ದು ಶೂನ ತಳವನ್ನು. ಪಾದ ನೆಲಕ್ಕೆ ಹತ್ತಿರ ಇರಬೇಕು. ಮುಂಪಾದದ ಹೊರಗಡೆ, ಕಿರುಬೆರಳಿನ ಕೆಳಗೆ, ತಳ ಸ್ವಲ್ಪ ಆಚೆಗೆ ಚಾಚಿಕೊಂಡಿರಬೇಕು. ಒಳ್ಳೆಯ ಬ್ಯಾಸ್ಕೆಟ್‌ಬಾಲ್ ಶೂ ತಿರುಗಿಸಿ ನೋಡಿದರೆ ಅಲ್ಲಿ ರೆಕ್ಕೆಯಂಥ ಒಂದು ಉಬ್ಬು ಕಾಣುತ್ತದೆ. ಕಾಲು ಹೊರಕ್ಕೆ ಹೊರಳಲು ಹೊರಟಾಗ ಮೊದಲು ನೆಲ ಮುಟ್ಟಿ ತಡೆಯುವುದು ಅದು. ಎರಡೂ ತುದಿ ಹಿಡಿದು ಬಟ್ಟೆ ಹಿಂಡುವ ಹಾಗೆ ತಿರುಚಿದರೆ ಶೂನ ನಡುಭಾಗ ಬಗ್ಗಬಾರದು, ಬೆರಳ ಬುಡದಲ್ಲಿ ಮಾತ್ರ ಮಡಚಿಕೊಳ್ಳಬೇಕು. ಈ ಪರೀಕ್ಷೆಗೆ ಕಾಸು ಬೇಕಿಲ್ಲ, ಅಂಗಡಿಯವರ ಮುಖ ನೋಡದಿದ್ದರೆ ಸಾಕು.

ಇನ್ನು ಹಿಡಿತ. ಇಲ್ಲಿ ಯೂಟ್ಯೂಬ್‌ನವರ ಸಲಹೆ ನಮಗೆ ಕೆಲಸಕ್ಕೆ ಬರುವುದಿಲ್ಲ. 2017ರ ಜುಲೈನಲ್ಲಿ ಬೆಂಗಳೂರಿನಲ್ಲಿ ಮಹಿಳೆಯರ ಏಷ್ಯಾ ಕಪ್ ನಡೆಯಿತು. ಬಿ ವಿಭಾಗದ ಫೈನಲ್‌ನಲ್ಲಿ ಭಾರತ ಕಜಕಿಸ್ತಾನವನ್ನು 75–73ರಿಂದ ಸೋಲಿಸಿದ್ದು ನಿಮಗೂ ನೆನಪಿರಬಹುದು. ಅಂಥ ಪಂದ್ಯ ನಡೆಯುವುದು ಪಾಲಿಶ್ ಮಾಡಿದ ಮರದ ನೆಲದ ಮೇಲೆ. ಕಿರ್ ಕಿರ್ ಅಂತ ಶೂ ಸದ್ದು ಬರುವುದು ಅಲ್ಲಿಯೇ. ನಮ್ಮ ಮಕ್ಕಳು ಆಡುವುದು ಸಿಮೆಂಟ್ ನೆಲದಲ್ಲಿ, ಅದರ ಮೇಲೆ ಕೋಲಾರದ ಕೆಮ್ಮಣ್ಣಿನ ಧೂಳು. ಬೇಸಿಗೆಯಲ್ಲಿ ಬೆಳಿಗ್ಗೆ ಗುಡಿಸಿದರೆ ಹತ್ತು ಗಂಟೆಗೆ ಮತ್ತೆ ಅಷ್ಟೇ ಧೂಳು. ಮರದ ನೆಲಕ್ಕೆ ಮಾಡಿದ ಮೆತ್ತನೆ ರಬ್ಬರ್ ಈ ಸಿಮೆಂಟ್ ಮೇಲೆ ಪೆನ್ಸಿಲ್ ಅಳಿಸುವ ರಬ್ಬರಿನ ಹಾಗೆ ತೇಯ್ದು ಹೋಗುತ್ತದೆ. ಬ್ಯಾಡ್ಮಿಂಟನ್ ಶೂ ಹಾಕಿ ಆಡುವ ಹುಡುಗರಿಗೂ ಇದೇ ಗತಿ. ಸ್ಟೀಫನ್ ಕರಿ ಹೆಸರಿನಲ್ಲಿ ಬಂದ ಕೆಲವು ಶೂಗಳಲ್ಲಂತೂ ತಳಕ್ಕೆ ರಬ್ಬರೇ ಇಲ್ಲ, ಫೋಮ್ ನೇರವಾಗಿ ನೆಲ ಮುಟ್ಟುತ್ತದೆ. ಮರದ ಮೇಲೆ ಅದು ಗೋಂದಿನ ಹಾಗೆ ಹಿಡಿಯುತ್ತದಂತೆ, ನಮ್ಮ ಸಿಮೆಂಟಿಗೆ ಅದನ್ನು ಕೊಡಿಸುವ ಧೈರ್ಯ ನನಗಿಲ್ಲ.

ಬೇಕಾದದ್ದು ಗಟ್ಟಿ ರಬ್ಬರ್, ಆಳವಾದ ಗೆರೆ. ಮೀನಿನ ಮುಳ್ಳಿನ ಹಾಗೆ ಅಂಕುಡೊಂಕು ಸಾಲುಗಳಿರುವ ವಿನ್ಯಾಸಕ್ಕೆ ಹೆರಿಂಗ್‌ಬೋನ್ ಅಂತಾರೆ. ಇದು ಎಲ್ಲ ದಿಕ್ಕಿಗೂ ಹಿಡಿಯುತ್ತದೆ. ಗೆರೆಗಳ ನಡುವೆ ಜಾಗ ಇದ್ದರೆ ಧೂಳು ಅಲ್ಲಿ ತುಂಬಿಕೊಂಡರೂ ಅಂಗೈಯಲ್ಲಿ ಒರೆಸಿದರೆ ಹೋಗುತ್ತದೆ. ನೈಕಿ ಶೂಗಳ ತಳದಲ್ಲಿ ಎಕ್ಸ್‌ಡಿಆರ್ ಅಂತ ಅಕ್ಷರ ಇದ್ದರೆ ಅದು ಹೊರಾಂಗಣಕ್ಕೆ ಬಾಳುವ ಗಟ್ಟಿ ರಬ್ಬರ್. ಪಾರದರ್ಶಕವಾಗಿ ಗಾಜಿನ ಹಾಗೆ ಹೊಳೆಯುವ ತಳ ನೋಡಲು ಚಂದ, ಧೂಳಿನಲ್ಲಿ ಜಾರುವುದೇ ಹೆಚ್ಚು. ಬೆಂಗಳೂರಿನ ಫುಟ್‌ಪಾತ್‌ನಲ್ಲಿ ಸಿಗುವ "ಫಸ್ಟ್ ಕಾಪಿ"ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೇಲಿನ ಬಣ್ಣ ಪಕ್ಕಾ ಅದೇ, ಒಳಗಿನದು ಏನು ಅಂತ ದೇವರಿಗೇ ಗೊತ್ತು.

ಮೂರನೆಯದು ಪಾದ ಶೂ ಒಳಗೆ ಅಲುಗಾಡದೆ ಕೂರುವುದು. ನನ್ನ ಪ್ರಕಾರ ಇದು ಶೂ ಎತ್ತರಕ್ಕಿಂತ ಹತ್ತು ಪಾಲು ಮುಖ್ಯ. ಶೂ ನಿಂತು ಪಾದ ಮಾತ್ರ ಒಳಗೇ ಜಾರಿದರೆ ತಳದ ಹಿಡಿತವೆಲ್ಲ ದಂಡ. ಇಲ್ಲಿಯೇ ನಮ್ಮ ಮನೆಗಳಲ್ಲಿ ಜಗಳ ಶುರು. "ಬೆಳೆಯೋ ಕಾಲು, ಒಂದು ಸೈಜ್ ದೊಡ್ಡದೇ ತಗೋ, ಹತ್ತಿ ತುರುಕಿದರಾಯ್ತು" ಅನ್ನುವುದು ಅಮ್ಮನ ಕಾಲದ ಲೆಕ್ಕ. ಸ್ಕೂಲಿನ ಕಪ್ಪು ಶೂಗೆ ನಡೆಯುತ್ತದೆ, ಗಾರ್ಡ್‌ಗೆ ನಡೆಯುವುದಿಲ್ಲ. ಬೆರಳ ತುದಿಯ ಮುಂದೆ ಅರ್ಧ ಹೆಬ್ಬೆರಳಿನಷ್ಟು ಜಾಗ ಸಾಕು, ಹಿಮ್ಮಡಿ ಮೇಲೇಳಬಾರದು. ಸಾಯಂಕಾಲ ಹೋಗಿ, ಅಷ್ಟೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ಆಡುವ ದಪ್ಪ ಕಾಲುಚೀಲವನ್ನೇ ಹಾಕಿಕೊಂಡು ಹೋಗಿ.

ಅಗಲದ ಸಮಸ್ಯೆ ಬೇರೆ ಇದೆ. ಬರಿಗಾಲಲ್ಲಿ ಬೆಳೆದವರ ಮುಂಪಾದ ಅಗಲ. ಅಕ್ಕನ ಮಗಳು ಏಳನೇ ಕ್ಲಾಸಿನವರೆಗೆ ಹಿಪ್ಪುನೇರಳೆ ತೋಟದಲ್ಲಿ ಬರಿಗಾಲಲ್ಲೇ ಓಡಾಡಿದವಳು. ಇದು ನಾಚಿಕೊಳ್ಳುವ ವಿಷಯವಲ್ಲ. ಕಸ್ತೂರಬಾ ಮೆಡಿಕಲ್ ಕಾಲೇಜಿನ ವೈದ್ಯರು 2300 ಮಕ್ಕಳ ಪಾದ ನೋಡಿ 1992ರಲ್ಲಿ ಬರೆದರು: ಚಪ್ಪಲಿ ಶೂ ಹಾಕುವ ಮಕ್ಕಳಲ್ಲಿ ನೂರಕ್ಕೆ 8.6 ಮಂದಿಗೆ ಚಪ್ಪಟೆ ಪಾದ, ಬರಿಗಾಲಿನವರಲ್ಲಿ ಬರೀ 2.8. ಅವಳ ಪಾದ ಗಟ್ಟಿಯೇ ಇದೆ, ಶೂಗಳೇ ಕಿರಿದು. ನೈಕಿಯಲ್ಲಿ ಇಪಿ ಅಂತ ಬರೆದಿರುವ ಏಷ್ಯಾದ ಮಾದರಿಗಳು ಮುಂದೆ ಸ್ವಲ್ಪ ಅಗಲ. ಹುಡುಗಿಯರಿಗೆ ಅಂತಲೇ ಮಾಡಿದ ಬ್ಯಾಸ್ಕೆಟ್‌ಬಾಲ್ ಶೂ ನಮ್ಮಲ್ಲಿ ಸಿಗುವುದು ಕಡಿಮೆ, ಗಂಡಸರ ಸೈಜಿನಲ್ಲೇ ಹುಡುಕಬೇಕು. ಅಮೆರಿಕದ ಅಳತೆಯಲ್ಲಿ ಹೆಂಗಸರ ಎಂಟೂವರೆ ಅಂದರೆ ಗಂಡಸರ ಏಳು. ಗೊಂದಲವಾದರೆ ಡಬ್ಬದ ಮೇಲಿನ ಸೆಂಟಿಮೀಟರ್ ಅಳತೆ ನಂಬಿ, ಗೋಡೆಗೆ ಹಿಮ್ಮಡಿ ತಾಗಿಸಿ ಪಾದವನ್ನು ಕಾಗದದ ಮೇಲೆ ಅಳೆದುಕೊಂಡು ಹೋಗಿ.

ಒಂದು ಶನಿವಾರ ಅವಳನ್ನು ರೈಲಿನಲ್ಲಿ ಬಂಗಾರಪೇಟೆ ಮೇಲೆ ವೈಟ್‌ಫೀಲ್ಡ್‌ಗೆ ಕರೆಸಿಕೊಂಡೆ. ದೊಡ್ಡ ಅಂಗಡಿಯಲ್ಲಿ ಹತ್ತು ಹನ್ನೆರಡು ಸಾವಿರದ, ಎನ್‌ಬಿಎ ತಾರೆಗಳ ಹೆಸರಿನ ಶೂಗಳ ಮುಂದೆ ಅವಳು ನಿಂತೇ ಬಿಟ್ಟಳು. ನಾನು ಸಂಬಳದವನು, ಸೇರಿಸಿ ಕೊಡಿಸಬಹುದಿತ್ತು. ಆದರೆ ದುಡ್ಡನ್ನು ಹೇಗೆ ಹಂಚಬೇಕು ಅಂತ ಮೊದಲೇ ತೀರ್ಮಾನಿಸಿದ್ದೆ. ಒಮ್ಮೆ ಉಳುಕಿದ ಕಾಲಿಗೆ ನಿಜವಾಗಿ ಪ್ರಯೋಜನ ಕಂಡಿರುವುದು ಲೇಸ್ ಕಟ್ಟುವ ಆ್ಯಂಕಲ್ ಬ್ರೇಸ್‌ನಿಂದ. ಅಮೆರಿಕದ 1460 ಹೈಸ್ಕೂಲ್ ಬ್ಯಾಸ್ಕೆಟ್‌ಬಾಲ್ ಮಕ್ಕಳ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬ್ರೇಸ್ ಹಾಕಿದವರಿಗೆ ಗಂಟಿನ ಗಾಯ ಮೂರನೇ ಒಂದಕ್ಕೆ ಇಳಿಯಿತು. ಶೂ ಮಾಡುತ್ತದೆ ಅಂತ ನಾವು ನಂಬಿದ್ದ ಕೆಲಸವನ್ನು ಮಾಡುವುದು ಬ್ರೇಸ್. ಬ್ರೇಸ್ ಮೇಲೆ ಎತ್ತರದ ಶೂ ಕೂರುವುದು ಕಷ್ಟ, ಗಿಡ್ಡದ್ದು ಸಲೀಸು. ಅದಕ್ಕೆ ಮೂರು ಸಾವಿರದ ಆಸುಪಾಸಿನ ಗಿಡ್ಡ ಶೂ, ಉಳಿದದ್ದರಲ್ಲಿ ಎರಡು ಕಾಲಿಗೂ ಬ್ರೇಸ್.

"ಹಾಕ್ಕೊಂಡು ಬರೀ ನಡೀಬೇಡ, ಆಡು" ಅಂದೆ. ಡೆಕಾಥ್ಲಾನ್‌ನದು, ನಿವಿಯಾದು, ಇನ್ನೊಂದು ವಿದೇಶಿ ಕಂಪನಿಯ ಹಳೇ ಮಾಡೆಲ್‌ನದು ಅಂತ ಮೂರು ಜೊತೆ ಹಾಕಿಕೊಂಡು ಸಾಲುಗಳ ನಡುವೆ ಅಡ್ಡಡ್ಡ ಜಾರಿದಳು, ಗಕ್ಕನೆ ನಿಂತಳು, ಒಂಟಿ ಕಾಲಲ್ಲಿ ಜಿಗಿದು ಇಳಿದಳು. ಸೆಕ್ಯುರಿಟಿಯವರು ಎರಡು ಸಲ ಬಂದು ನೋಡಿ ಹೋದರು. ವಿದೇಶಿಯದು ಅವಳಿಗೆ ಬಣ್ಣದಲ್ಲಿ ಇಷ್ಟ, ಹಿಮ್ಮಡಿ ಮೆತ್ತಗೆ ಹಂಸತೂಲಿಕಾತಲ್ಪ. ಹೊಳಲಿ ನೋಡು ಅಂದಾಗ ಅವಳೇ ಕೆಳಗಿಟ್ಟಳು: "ಮಾಮ, ಇದು ಹೇಳ್ದಂಗೆ ಕೇಳಲ್ಲ. ನಾನು ನಿಂತ ಮೇಲೂ ಇದು ಇನ್ನೂ ಓಡ್ತಾ ಇರತ್ತೆ." ನಾನು ಮಾಡಿಕೊಂಡಿದ್ದ ಎಕ್ಸೆಲ್ ಹಾಳೆಯ ಹದಿನಾಲ್ಕು ಕಾಲಂಗಿಂತ ಈ ಒಂದು ಮಾತು ಉಪಯೋಗಕ್ಕೆ ಬಂತು. ಕೊನೆಗೆ ಅವಳು ಆರಿಸಿದ್ದು ತೆಳು ತಳದ, ಬೂದು ಬಣ್ಣದ, ಯಾರೂ ಎರಡನೇ ಸಲ ತಿರುಗಿ ನೋಡದ ಶೂ.

ಅಕ್ಕನಿಗೆ ಶೂ ನೋಡಿ ಸಮಾಧಾನ ಆಗಲಿಲ್ಲ. "ಇಷ್ಟು ಗಿಡ್ಡ ಇದೆಯಲ್ಲೋ" ಅಂದಳು. ಬ್ರೇಸ್ ತೋರಿಸಿದ ಮೇಲೆ ಸುಮ್ಮನಾದಳು. ನಾನು ಅಕ್ಕನಿಗೇ ಒಂದು ಕೆಲಸ ಒಪ್ಪಿಸಿದೆ: ದಿನಾ ರಾತ್ರಿ ಹಲ್ಲುಜ್ಜುವಾಗ ಮಗಳು ಒಂದೊಂದು ಕಾಲಲ್ಲಿ ಒಂದೊಂದು ನಿಮಿಷ ನಿಲ್ಲಬೇಕು, ವಾರ ಕಳೆದ ಮೇಲೆ ಕಣ್ಣು ಮುಚ್ಚಿಕೊಂಡು. ಸಮತೋಲನದ ಅಭ್ಯಾಸ ಉಳುಕು ತಗ್ಗಿಸುತ್ತದೆ ಅನ್ನುವುದಕ್ಕೂ ಒಳ್ಳೆಯ ಪುರಾವೆ ಇದೆ, ಖರ್ಚು ಸೊನ್ನೆ. ಈಗ ಅಮ್ಮ ಮಗಳು ಇಬ್ಬರೂ ಬಚ್ಚಲ ಮುಂದೆ ಕೊಕ್ಕರೆ ಹಾಗೆ ನಿಲ್ಲುತ್ತಾರಂತೆ. ಭಾವ ಫೋನಿನಲ್ಲಿ ಹೇಳಿ ನಕ್ಕರು.

ಶೂ ತಂದು ನಾಲ್ಕು ತಿಂಗಳಾಯಿತು. ಅಭ್ಯಾಸಕ್ಕೆ ಮಾತ್ರ ಹಾಕುತ್ತಾಳೆ, ಸ್ಕೂಲಿಗೆ ಹಾಕಿಕೊಂಡು ಹೋಗುವಂತಿಲ್ಲ. ಹೋದ ಭಾನುವಾರ ಊರಿಗೆ ಹೋದಾಗ ತಿರುಗಿಸಿ ತಳ ನೋಡಿದೆ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಗೆರೆ ಅರ್ಧ ಸವೆದಿದೆ, ಎಡಗಾಲಿನದು ಹೆಚ್ಚೂಕಮ್ಮಿ ಹೊಸದರ ಹಾಗೇ ಇದೆ. ಅಂದರೆ ಬಲಗಾಲು ಒತ್ತಿ ಎಡಕ್ಕೆ ಹಾಯುವುದೇ ಜಾಸ್ತಿ, ಬಲಕ್ಕೆ ಹಾಯುವುದು ಅಪರೂಪ. ಬಲಗಾಲಿನ ಆ ಜಾಗ ನುಣ್ಣಗಾದ ದಿನ ಶೂ ಬದಲಿಸಬೇಕು, ಮೇಲ್ಭಾಗ ಎಷ್ಟೇ ಹೊಸದಾಗಿ ಕಂಡರೂ. ಇದನ್ನು ಅವಳ ಕೋಚ್‌ಗೆ ತೋರಿಸಿದೆ. ಅವರು ಶೂ ಕೈಗೆ ತಗೊಂಡು ಎರಡೂ ತಳ ಪಕ್ಕಪಕ್ಕ ಹಿಡಿದು ನೋಡಿ, "ಬೇರೆ ಟೀಮಿನೋರಿಗೆ ತೋರಿಸ್ಬೇಡಿ ಸಾರ್" ಅಂದರು. ಸೋಮವಾರದಿಂದ ಅವಳಿಗೆ ಬಲಕ್ಕೆ ಹಾಯುವ ಅಭ್ಯಾಸ, ದಿನಕ್ಕೆ ಐವತ್ತು ಸಲ.