ಪತ್ರ ಬಂದಿಲ್ಲ ಎಂದರೆ ನಿಮ್ಮ ಡೇಟಾ ಸೋರಿಲ್ಲ ಎಂದರ್ಥವೇ?

"ಡೇಟಾ ಕಳುವಾದರೆ ಕಂಪನಿಯೇ ತಿಳಿಸುತ್ತೆ. ತಿಳಿಸಿಲ್ಲ ಅಂದ್ರೆ ನಮ್ಮ ಮಾಹಿತಿ ಭದ್ರವಾಗಿದೆ." ಹಲವರು ಹೀಗೆ ನಂಬಿದ್ದಾರೆ. ಇದು ನಿಜವೇ? ಇಂಥ ಕಾನೂನು ಎರಡು ದಶಕಗಳಿಂದ ಇರುವ ಅಮೆರಿಕದ ಅನುಭವ ನೋಡೋಣ.

ಕಾನೂನು ಬಂದಿದ್ದು ಹೇಗೆ?

2002ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾ ಸರ್ಕಾರದ ಡೇಟಾ ಕೇಂದ್ರಕ್ಕೆ ಹ್ಯಾಕರ್‌ಗಳು ನುಗ್ಗಿದರು. ಅಲ್ಲಿ ಸುಮಾರು 2.65 ಲಕ್ಷ ಸರ್ಕಾರಿ ನೌಕರರ ಸಂಬಳದ ವಿವರಗಳಿದ್ದವು. ನೌಕರರಿಗೆ ವಿಷಯ ತಿಳಿದದ್ದು ಎಷ್ಟೋ ವಾರಗಳ ನಂತರ. ಡೇಟಾ ಸೋರಿದರೆ ಸಂಬಂಧಪಟ್ಟವರಿಗೆ ತಿಳಿಸಲೇಬೇಕು ಎಂಬ ಕಾನೂನನ್ನು ರಾಜ್ಯ ಅದೇ ವರ್ಷ ಮಾಡಿತು. 2003ರ ಜುಲೈ 1ರಿಂದ ಅದು ಜಾರಿಗೆ ಬಂತು.

ಅದರ ಬೆಲೆ ಗೊತ್ತಾಗಿದ್ದು 2005ರಲ್ಲಿ. ಚಾಯ್ಸ್‌ಪಾಯಿಂಟ್ ಜನರ ಮಾಹಿತಿ ಮಾರುವ ಕಂಪನಿ. ವ್ಯಾಪಾರಿಗಳ ಸೋಗಿನಲ್ಲಿ ಬಂದ ವಂಚಕರು ಅದರಿಂದ ಜನರ ವಿವರ ಪಡೆದಿದ್ದರು. ಕಂಪನಿ ಮೊದಲು ಪತ್ರ ಬರೆದದ್ದು ಕ್ಯಾಲಿಫೋರ್ನಿಯಾದ ಸುಮಾರು 35,000 ಜನರಿಗೆ ಮಾತ್ರ. ಏಕೆಂದರೆ ಕಾನೂನು ಇದ್ದದ್ದು ಅಲ್ಲಿ. ಉಳಿದ ರಾಜ್ಯಗಳ ಒಂದು ಲಕ್ಷಕ್ಕೂ ಹೆಚ್ಚು ಜನರಿಗೆ ಪತ್ರ ಹೋದದ್ದು ಗದ್ದಲ ಎದ್ದ ಮೇಲೆ. ನಂತರ ಒಂದೊಂದೇ ರಾಜ್ಯ ಕಾನೂನು ತಂದಿತು. 2018ರ ಹೊತ್ತಿಗೆ 50 ರಾಜ್ಯಗಳಲ್ಲೂ ಬಂತು.

ಹಾಗಾದರೆ ಪತ್ರ ಬಂದೇ ಬರುತ್ತದೆಯೇ?

ಇಲ್ಲ. ಅದಕ್ಕೆ ಕಾರಣಗಳಿವೆ.

• ಹೆಸರಿನ ಜೊತೆ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ, ಡ್ರೈವಿಂಗ್ ಲೈಸೆನ್ಸ್ ಸಂಖ್ಯೆ, ಬ್ಯಾಂಕ್ ಖಾತೆ ಮತ್ತದರ ಪಾಸ್‌ವರ್ಡ್‌ನಂಥವು ಹೋದರೆ ತಿಳಿಸಬೇಕು. ಬರೀ ಹೆಸರು, ಫೋನ್ ನಂಬರ್ ಸೋರಿದರೆ ಸಾಮಾನ್ಯವಾಗಿ ಕಡ್ಡಾಯವಿಲ್ಲ. ಮೋಸದ ಕರೆ ಮಾಡುವವರಿಗೆ ಅಷ್ಟೇ ಸಾಕು!
• ಡೇಟಾ ಎನ್‌ಕ್ರಿಪ್ಟ್ ಆಗಿದ್ದು, ಅದನ್ನು ತೆರೆಯುವ ಕೀ ಕಳ್ಳರಿಗೆ ಸಿಕ್ಕಿಲ್ಲದಿದ್ದರೆ ವಿನಾಯಿತಿ ಇದೆ.
• ಹಲವು ರಾಜ್ಯಗಳಲ್ಲಿ, ಜನರಿಗೆ ಹಾನಿಯಾಗುವ ಸಂಭವವಿಲ್ಲ ಎಂದು ಕಂಪನಿ ತನಿಖೆ ಮಾಡಿ ಕಂಡುಕೊಂಡರೆ ತಿಳಿಸಬೇಕಿಲ್ಲ.
• ಗಡುವೂ ಬೇರೆ ಬೇರೆ. ಫ್ಲೋರಿಡಾದಲ್ಲಿ 30 ದಿನ, ಟೆಕ್ಸಾಸ್‌ನಲ್ಲಿ 60 ದಿನ. ಹೀಗಾಗಿ ಒಂದೇ ಸೋರಿಕೆಯ ಪತ್ರ ಅಲ್ಲಿರುವ ನಿಮ್ಮ ಅಣ್ಣ, ತಂಗಿಗೆ ಬೇರೆ ಬೇರೆ ದಿನ ತಲುಪಬಹುದು.

ಪತ್ರ ಬರುವುದು ಕಳುವಾದ ಮೇಲೆ. ಅದಕ್ಕೇ ನ್ಯೂಯಾರ್ಕ್ 2019ರಲ್ಲಿ ಇನ್ನೊಂದು ಹೆಜ್ಜೆ ಇಟ್ಟಿತು. ಸಿಬ್ಬಂದಿಗೆ ತರಬೇತಿ ಕೊಡುವುದು, ಬೇಡವಾದ ಡೇಟಾ ಅಳಿಸುವುದು ಮುಂತಾದ ಮುನ್ನೆಚ್ಚರಿಕೆಗಳನ್ನೂ ಕಂಪನಿಗಳ ಹೊಣೆಯಾಗಿಸಿತು.

ನಮ್ಮಲ್ಲಿ?

ಭಾರತದ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂದದ್ದು 2023ರಲ್ಲಿ, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ. ಸೋರಿಕೆಯನ್ನು ಡೇಟಾ ಸಂರಕ್ಷಣಾ ಮಂಡಳಿಗೂ, ತೊಂದರೆಗೊಳಗಾದ ಪ್ರತಿಯೊಬ್ಬರಿಗೂ ತಿಳಿಸಬೇಕು ಎನ್ನುತ್ತದೆ ಕಾಯ್ದೆ. ಆದರೆ ಈ ಹೊಣೆ ಜಾರಿಗೆ ನಿಯಮಗಳು ಪ್ರಕಟವಾದಂದಿನಿಂದ 18 ತಿಂಗಳ ಕಾಲಾವಕಾಶವಿದೆ.

ನೀವೇನು ಮಾಡಬಹುದು?

ಪತ್ರಕ್ಕಾಗಿ ಕಾಯಬೇಡಿ. ಒಂದೇ ಪಾಸ್‌ವರ್ಡ್ ಎಲ್ಲ ಕಡೆ ಬಳಸಬೇಡಿ, ಎರಡು ಹಂತದ ದೃಢೀಕರಣ ಆನ್ ಮಾಡಿ. "ನಿಮ್ಮ ಡೇಟಾ ಸೋರಿದೆ, ಇಲ್ಲಿ ಒತ್ತಿ" ಎಂಬ ಮೆಸೇಜ್ ಬಂದರೆ ಒತ್ತಬೇಡಿ, ವಂಚಕರೂ ಹೀಗೇ ಬರೆಯುತ್ತಾರೆ. ಕಂಪನಿಯ ಅಧಿಕೃತ ಆ್ಯಪ್ ನೀವೇ ತೆರೆದು ಪರಿಶೀಲಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಒಟ್ಟಿನಲ್ಲಿ, ಪತ್ರ ಬಂದರೆ ಸೋರಿದೆ ಎಂದರ್ಥ. ಬರದಿದ್ದರೆ ಸೋರಿಲ್ಲ ಎಂದರ್ಥವಲ್ಲ.